ಮಗಳಿಗೊಂದು ಪತ್ರ: ಉತ್ತರಕ್ಕೆ ಮುಂಚೆ ಒಂದು ಉಸಿರು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಮ್ಮಾ, ಮೀಟಿಂಗಲ್ಲಿ ಮ್ಯಾನೇಜರ್ ಕೇಳಿದ ತಕ್ಷಣ ಎದೆ ಡವಡವ ಅಂತು. ಎರಡು ವಾರದ ಕೆಲಸ ನಾಲ್ಕು ದಿನದಲ್ಲಿ ಮುಗಿಸ್ತೀನಿ ಅಂದುಬಿಟ್ಟೆ." ಆಗ ನಾನು "ಸಮಾಧಾನ ಮಾಡ್ಕೋ" ಅಂತಷ್ಟೇ ಹೇಳಿ ಫೋನ್ ಇಟ್ಟೆ. ಆ ಮಾತಿನಿಂದ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಈ ಪತ್ರ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಹೀಗೇ ಆಗಿತ್ತು. ತಿಂಗಳ ಲೆಕ್ಕ ತಾಳೆಯಾಗಿರಲಿಲ್ಲ. "ಯಾರು ಮಾಡಿದ್ದು ಇದನ್ನ?" ಅಂತ ಮೇಲಿನವರು ಎಲ್ಲರ ಮುಂದೆ ಕೇಳಿದರು. ನನ್ನ ಕೈಯಲ್ಲಿದ್ದ ಹಾಳೆಯ ಅಂಚು ಅಲುಗಾಡುತ್ತಿತ್ತು. ಅದನ್ನೇ ನೋಡುತ್ತಾ "ಸಾರಿ ಸರ್, ನನ್ನದೇ ತಪ್ಪು" ಅಂದೆ. ಸೀಟಿಗೆ ಬಂದು ತೆಗೆದು ನೋಡಿದರೆ, ತಪ್ಪಿದ್ದ ಪುಟ ನಾನು ಬರೆದದ್ದೇ ಅಲ್ಲ! ಆ ಒಂದು ಮಾತನ್ನು ಸರಿಪಡಿಸಲು ನನಗೆ ಎಷ್ಟೋ ದಿನ ಬೇಕಾಯಿತು.

ನಮ್ಮ ಸೆಕ್ಷನ್ನಿನಲ್ಲಿ ಹಿರಿಯ ಮೇಡಂ ಒಬ್ಬರಿದ್ದರು. ಅವರನ್ನು ಯಾರಾದರೂ ಜೋರು ಮಾಡಿ ಕೇಳಿದರೆ, ಅವರು ಮೊದಲು ಕೈಲಿದ್ದ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಟಕ್ ಅಂತ ಸಣ್ಣ ಸದ್ದು. ಆಮೇಲೆ ತಲೆ ಎತ್ತಿ ಕೇಳಿದವರ ಮುಖ ನೋಡುತ್ತಿದ್ದರು. ಆಮೇಲೆ ಮಾತು. ಸುಮ್ನೆ ಅಭ್ಯಾಸ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. "ಮುಚ್ಚಳ ಹಾಕೋ ಅಷ್ಟು ಹೊತ್ತು ನನ್ನದು ಕಣೇ. ಅಷ್ಟರಲ್ಲಿ ಅವರು ನಿಜವಾಗಿ ಏನು ಕೇಳಿದರು ಅಂತ ನನಗೆ ಗೊತ್ತಾಗುತ್ತೆ" ಅಂದರು. ಹಾಗಂತ ಹೇಳಿ ತಮ್ಮ ಅಂಗೈಯನ್ನು ನನ್ನ ಕೈಮೇಲೆ ಇಟ್ಟರು. ತಣ್ಣಗೆ ಕೊರೆಯುತ್ತಿತ್ತು. ಅವರಿಗೂ ಹೆದರಿಕೆ ಇತ್ತು, ಪುಟ್ಟಿ! ನಾನು ಅವರನ್ನು ಧೈರ್ಯವಂತೆ ಅಂದುಕೊಂಡಿದ್ದೆ. ಅವರು ಧೈರ್ಯವಂತೆಯೇ, ಆದರೆ ನಾನು ಅಂದುಕೊಂಡ ರೀತಿಯಲ್ಲಿ ಅಲ್ಲ.

ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಕೈ ತಣ್ಣಗಾಗುವುದು ನಿನ್ನ ದೌರ್ಬಲ್ಯ ಅಲ್ಲ. ಅಪಾಯ ಬಂತು ಅಂತ ಮೈಗೆ ಅನ್ನಿಸಿದರೆ ಅಡ್ರಿನಲಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಹುಲಿ ಬಂದರೂ ಅಷ್ಟೇ, ಮ್ಯಾನೇಜರ್ ಹುಬ್ಬು ಗಂಟಿಕ್ಕಿದರೂ ಅಷ್ಟೇ. ಅದನ್ನು ಬೇಡ ಅಂದರೆ ನಿಲ್ಲುವುದಿಲ್ಲ. ಆದರೆ ಉಸಿರು ನಮ್ಮ ಕೈಲಿದೆ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಹೆಚ್ಚುತ್ತದೆ, ಬಿಟ್ಟಾಗ ಇಳಿಯುತ್ತದೆ. ಅದಕ್ಕೇ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡು. ಒಂದು ಸಲ ಬಿಟ್ಟರೂ ಗಂಟಲು ಸಡಿಲವಾಗುತ್ತದೆ.

"ಅಷ್ಟು ಹೊತ್ತು ಸುಮ್ಮನಿದ್ದರೆ ನನಗೆ ಏನೂ ಗೊತ್ತಿಲ್ಲ ಅಂದುಕೊಳ್ಳಲ್ವಾ?" ಅಂತ ನೀನು ಕೇಳುತ್ತೀ, ಗೊತ್ತು. ಜಗತ್ತಿನ 10 ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದ ಒಂದು ಅಧ್ಯಯನ 2009ರಲ್ಲಿ ಬಂದಿತ್ತು. ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ ಸುಮಾರು 200 ಮಿಲಿಸೆಕೆಂಡು. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು! ಅಷ್ಟು ಬೇಗ ಮಾತಾಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಅದಕ್ಕೇ ಎರಡು ಸೆಕೆಂಡು ತಡವಾದರೂ ನಮಗೆ ಯುಗ ಕಳೆದ ಹಾಗೆ ಅನ್ನಿಸುತ್ತದೆ. ನನಗೆ ಅನ್ನಿಸುವುದು, ಕೆಲಸದ ಮಾತಿನಲ್ಲಿ ಆ ಎರಡು ಸೆಕೆಂಡು ಎದುರಿನವರಿಗೆ ಯೋಚನೆಯ ಹಾಗೇ ಕಾಣುತ್ತದೆ. ಮೇಡಂ ಸುಮ್ಮನಿದ್ದಾಗ ಯಾರೂ ಅವರನ್ನು ದಡ್ಡಿ ಅಂದುಕೊಂಡಿದ್ದನ್ನು ನಾನು ನೋಡಿಲ್ಲ. ಬದಲಿಗೆ ಎಲ್ಲರೂ ಕಿವಿಗೊಟ್ಟು ಕಾಯುತ್ತಿದ್ದರು.

"ನನ್ನ ದನಿ ನಡುಗಿದ್ದು ಎಲ್ಲರಿಗೂ ಗೊತ್ತಾಯ್ತು" ಅಂತ ನೀನು ಅತ್ತುಬಿಟ್ಟೆಯಲ್ಲ, ಅದಕ್ಕೂ ಒಂದು ಮಾತು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಚಿಕೆ ತರಿಸುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಅಂದಾಜು. ಗಮನಿಸಿದ್ದು ಕಾಲು ಭಾಗದಷ್ಟು ಜನ ಮಾತ್ರ. ಆ ಮೀಟಿಂಗಲ್ಲೂ ಹೆಚ್ಚಿನವರು ತಮ್ಮ ಸರದಿ ಬಂದಾಗ ಏನು ಹೇಳಬೇಕು ಅಂತಲೇ ಒದ್ದಾಡುತ್ತಿದ್ದಿರಬೇಕು.

ಉಸಿರು ಬಿಟ್ಟ ಮೇಲೆ ಏನು ಹೇಳುವುದು? ಜಾಸ್ತಿ ಬೇಡ. "ಒಮ್ಮೆ ನೋಡಿ ಸಂಜೆಯೊಳಗೆ ತಿಳಿಸ್ತೀನಿ" ಅನ್ನು. ಸಂಜೆಯೊಳಗೆ ತಿಳಿಸಲೂ ಬೇಕು, ಇಲ್ಲದಿದ್ದರೆ ಮುಂದಿನ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ. ತಪ್ಪು ನಿನ್ನದೇ ಆಗಿದ್ದರೆ ಒಂದೇ ಸಲ ಒಪ್ಪಿಕೋ, ಹತ್ತು ಸಲ ಸಾರಿ ಕೇಳಬೇಡ. ಯಾರದೋ ಮನೆಯಲ್ಲಿ ಯಾರೋ "ಇಷ್ಟು ಓದಿ ಇಷ್ಟೇ ಸಂಬಳಾನಾ?" ಅಂದರೂ ಇದೇ ದಾರಿ. ಉಸಿರು ಬಿಟ್ಟು, ಮುಖ ನೋಡಿ, "ನನಗೆ ಈ ಕೆಲಸ ಇಷ್ಟ" ಅಂದರೆ ಸಾಕು. ಎಲ್ಲ ಪ್ರಶ್ನೆಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಯಾರಾದರೂ ಅವಮಾನ ಮಾಡುತ್ತಿದ್ದರೆ ಅದನ್ನು ನುಂಗಿಕೊಂಡು ಕೂರು ಅಂತ ನಾನು ಹೇಳುತ್ತಿಲ್ಲ. "ಹೀಗೆ ಮಾತಾಡಬೇಡಿ" ಅನ್ನುವುದನ್ನೂ ಮೆಲ್ಲಗೆ, ಗಟ್ಟಿಯಾಗಿ ಹೇಳಬಹುದು. ದನಿ ನಡುಗಿದರೆ ನಡುಗಲಿ.

ಇನ್ನು ಆ ನಾಲ್ಕು ದಿನದ ವಿಷಯ. ಸೋಮವಾರ ಬೆಳಿಗ್ಗೆಯೇ ಹೋಗಿ ಹೇಳು. "ಮೊನ್ನೆ ಅವಸರದಲ್ಲಿ ಒಪ್ಪಿಕೊಂಡೆ. ಸರಿಯಾಗಿ ನೋಡಿದೆ, ಎರಡು ವಾರ ಬೇಕು. ನಾಲ್ಕು ದಿನದಲ್ಲಿ ಮೊದಲ ಭಾಗ ಕೊಡ್ತೀನಿ." ಇಷ್ಟನ್ನು ಮನೆಯಲ್ಲಿ ಒಂದೆರಡು ಸಲ ಬಾಯಿಬಿಟ್ಟು ಹೇಳಿ ನೋಡಿಕೊಂಡು ಹೋಗು. ಅವರು ರೇಗಿದರೂ ರೇಗಬಹುದು. ರೇಗಿದರೆ ಮತ್ತೆ ಒಂದು ಉಸಿರು. ಮುಗಿದ ಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಪತ್ರದ ಜೊತೆ ಒಂದು ಪೆನ್ನು ಇಟ್ಟಿದ್ದೇನೆ. ಒತ್ತುವಂಥದ್ದಲ್ಲ, ಮುಚ್ಚಳ ಇರುವಂಥದ್ದು.

ನಿನ್ನ
ಅಮ್ಮ