ಕೊನೆ ಗೊತ್ತಿದ್ದರೆ ಏನಾಯಿತು?

ಪ್ರೀತಿಯ ಕೂಸಿಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿದೆಯಲ್ಲ, "ಕತೆ ಪೂರ್ತಿ ಪ್ಲಾನ್ ಮಾಡಿಬಿಟ್ಟೆ ದೊಡ್ಡಪ್ಪ, ಈಗ ಬರೆಯೋಕೆ ಮನಸ್ಸೇ ಬರ್ತಿಲ್ಲ, ಅದು ಸತ್ತೇ ಹೋಯ್ತೇನೋ ಅಂತ ಭಯ" ಅಂತ. ಉಳಿದಿದ್ದನ್ನೆಲ್ಲ ಓದಿ ನಕ್ಕಿದ್ದೆ. ಈ ಸಾಲಿಗೆ ಬಂದ ಮೇಲೆ ನಗು ನಿಂತಿತು.

ಸತ್ತಿದೆ ಅಂತ ನಿನಗೆ ಹೇಗೆ ಗೊತ್ತಾಯಿತು? ಕೊನೆಯಲ್ಲಿ ಮಗಳು ತೋಟ ಮಾರುವ ಕಾಗದಕ್ಕೆ ಸಹಿ ಹಾಕುತ್ತಾಳೆ ಅನ್ನೋದು ಈಗಲೇ ತಿಳಿದುಹೋಯಿತು, ಅಷ್ಟಕ್ಕೇನಾ?

ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ, ಆ ತಾಳಮದ್ದಳೆ ನಿನಗೆ ಹೊಸದಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ನಮಗೆ ಅದೇ ಹಬ್ಬ. ಕೃಷ್ಣಸಂಧಾನವನ್ನೇ ತಗೋ. ಕೃಷ್ಣ ಐದು ಊರು ಕೇಳುತ್ತಾನೆ, ಕೌರವ ಕೊಡುವುದಿಲ್ಲ, ಯುದ್ಧ ನಡೆಯುತ್ತದೆ. ಇದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಚಹಾ ಕೊಡುವ ಹುಡುಗನಿಗೂ ಗೊತ್ತು. ಆದರೂ ಒಳ್ಳೆಯ ಕೌರವ ಸಿಕ್ಕಿದ ರಾತ್ರಿ, ಇವತ್ತು ಕೊಟ್ಟೇ ಬಿಡುತ್ತಾನೇನೋ ಅನ್ನಿಸುತ್ತಿತ್ತು. ಮನೆಗೆ ಹೋಗಲು ಯಾರೂ ಏಳುತ್ತಿರಲಿಲ್ಲ.

ಶುರುವಾಗುವ ಮುಂಚೆ ಪದ್ಯ ಹಾಡುವ ಭಾಗವತರೂ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳೂ ಕೂತು ಯಾವ ಪದ್ಯ ಇರಲಿ, ಯಾವುದು ಬೇಡ ಅಂತ ಮಾತಾಡಿಕೊಳ್ಳುತ್ತಾರೆ. 3 ಗಂಟೆ ಇದ್ದರೆ ಕೆಲವೇ ಪದ್ಯ, ರಾತ್ರಿ ಪೂರ್ತಿ ಇದ್ದರೆ ಜಾಸ್ತಿ. ಪದ್ಯ ಪುಸ್ತಕದಲ್ಲಿದೆ. ಆಡುವ ಮಾತು ಎಲ್ಲೂ ಬರೆದಿಲ್ಲ, ಅದು ಕೂತಲ್ಲೇ ಹುಟ್ಟಬೇಕು. ನೀನು ಪದ್ಯ ಗುರುತು ಹಾಕಿಕೊಂಡು, ಆಟ ಮುಗಿಯಿತು ಅಂತ ಅಳುತ್ತಿದ್ದೀಯ.

ಒಮ್ಮೆ ನಾನು ಕೌರವನ ಅರ್ಥಕ್ಕೆ ಕೂತಿದ್ದೆ. ಏನೇನು ಹೇಳಬೇಕು ಅಂತ ವಾರದಿಂದ ಯೋಚಿಸಿದ್ದೆ. ಎದುರಿಗೆ ಕೃಷ್ಣನಾಗಿ ಕೂತ ಹಿರಿಯರು ಸುಮ್ನೆ ಒಂದು ಪ್ರಶ್ನೆ ಎಸೆದರು. "ಐದು ಊರು ಬಿಡಲು ಹೆದರುವವನು ಇಷ್ಟು ದೊಡ್ಡ ರಾಜ್ಯವನ್ನು ಹೇಗಪ್ಪಾ ಆಳುತ್ತೀ?" ನನ್ನ ತಯಾರಿಯಲ್ಲಿ ಇದು ಇರಲೇ ಇಲ್ಲ. ಬಾಯಿ ಒಣಗಿತು. ಆಮೇಲೆ ಎಲ್ಲಿಂದ ಬಂತೋ, "ಕೊಡುವುದು ಗೊತ್ತಿದ್ದರೆ ನಾನು ಕೌರವ ಯಾಕಾಗುತ್ತಿದ್ದೆ ಕೃಷ್ಣಾ" ಅಂದೆ. ಅಲ್ಲಿಯವರೆಗೆ ಸಿಟ್ಟು ಮಾತ್ರ ಇದ್ದ ಕೌರವನಿಗೆ ಒಂದು ಸಂಕಟವೂ ಇದೆ ಅಂತ ನನಗೆ ಗೊತ್ತಾಗಿದ್ದೇ ಆಗ. ಕೊನೆ ಮಾತ್ರ ಹಾಗೇ ಇತ್ತು. ಐದು ಊರು ಕೊಡಲಿಲ್ಲ.

ಪತ್ರದ ಜೊತೆ ಕಳಿಸಿದ ನಿನ್ನ ಕತೆಯ ಚಾರ್ಟಿನ 7ನೇ ಭಾಗದಲ್ಲಿ "ಅಪ್ಪ ಮಗಳ ಜಗಳ, ಮಗಳು ಗೆಲ್ಲುತ್ತಾಳೆ" ಅಂತ ಬರೆದಿದ್ದೀಯ. ಏನು ಹೇಳಿ ಗೆಲ್ಲುತ್ತಾಳೆ? ಸೋತ ಅಪ್ಪ ಎದ್ದು ಕೊಟ್ಟಿಗೆಗೆ ಹೋಗುತ್ತಾನಾ, ಅಲ್ಲೇ ಎಲೆಅಡಿಕೆ ಕವಳ ಹಾಕುತ್ತ ಕೂರುತ್ತಾನಾ? ನಿನಗೆ ಗೊತ್ತಿಲ್ಲ ಅಲ್ವಾ? ಮತ್ತೆ ಸತ್ತಿದ್ದು ಯಾವುದು?

ನನ್ನ ಬರವಣಿಗೆಯ ಪಾಡು ಬೇರೆ. ಮೊದಲ ಸಾಲು ಹೊಳೆದರೆ ಸಾಕು, ಶುರು. ಅಡಿಕೆ ಕೊಯ್ಲು ಬಂದರೆ ನಿಲ್ಲುತ್ತಿತ್ತು. ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಕೂತರೆ, ಎಲ್ಲಿಗೆ ಹೊರಟಿದ್ದೆ ಅಂತಲೇ ತಿಳಿಯುತ್ತಿರಲಿಲ್ಲ. ಅಟ್ಟದ ಟ್ರಂಕಿನಲ್ಲಿ ಇರುವುದೆಲ್ಲ ಅಂಥವೇ. ಅದರಲ್ಲಿ ಒಬ್ಬಳು ತವರಿಗೆ ಅಂತ ದೋಣಿ ಹತ್ತಿದವಳು ಇನ್ನೂ ಶರಾವತಿ ದಾಟಿಲ್ಲ. ಅಷ್ಟನ್ನು ಓದಿ ಹೇಳಿದ್ದೆ ಅಂತ ನಿನ್ನ ಅಜ್ಜಿ ವರ್ಷಗಟ್ಟಲೆ ಕೇಳಿದಳು, "ಆಮೇಲೆ ಅವಳಿಗೆ ಏನಾಯ್ತೋ?" ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಕೇಳುವವಳೂ ಇಲ್ಲ. ಹಾಗಾಗಿ, ಕೊನೆ ಗೊತ್ತಿದೆ ಅಂತ ಹೆದರುವವಳನ್ನು ಕಂಡರೆ ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚು.

ಆದರೂ ನಿನ್ನ ಭಯವನ್ನು ತಳ್ಳಿಹಾಕಲು ಆಗುತ್ತಿಲ್ಲ. ಬಣ್ಣಬಣ್ಣದ ಪೆನ್ನಿನಲ್ಲಿ ಚಾರ್ಟ್ ಅಷ್ಟು ಚೆಂದ ಬಂದಿದೆ, ಬರೆಯಲು ಹೊರಟರೆ ಅಷ್ಟು ಚೆಂದ ಬರಲಿಕ್ಕಿಲ್ಲ ಅಂತ ಒಳಗೊಳಗೇ ಇದೆಯಾ? ಹಾಗಿದ್ದರೆ ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ. ಮೊದಲ ಸಲ ಬರೆದದ್ದು ಚಾರ್ಟಿಗಿಂತ ಕೆಟ್ಟದಾಗಿಯೇ ಇರುತ್ತದೆ.

ಟ್ರಂಕಿನ ಯಜಮಾನ ಬುದ್ಧಿ ಹೇಳುವುದು ಎಷ್ಟು ಸರಿಯೋ. ಹೇಳಿಬಿಡುತ್ತೇನೆ, ಬೇಕಾದರೆ ತಗೋ. ಆ ಕತೆಯನ್ನು ರೂಮಿನ ಗೆಳತಿಯರಿಗೆಲ್ಲ ಮೊದಲಿಂದ ಕೊನೆಯವರೆಗೆ ಹೇಳಬೇಡ, ಹೇಳಿ ಮುಗಿದರೆ ಬರೆಯುವ ಆಸೆ ಅಲ್ಲೇ ತೀರುತ್ತದೆ. ಒಂದನೇ ಭಾಗದಿಂದಲೇ ಶುರು ಮಾಡಬೇಕು ಅಂತ ಕಟ್ಟಳೆಯೇನೂ ಇಲ್ಲ, ಜಗಳದಿಂದ ಮಾಡು. ಎಲ್ಲರ ಹುಟ್ಟಿದ ದಿನ, ಇಷ್ಟದ ತಿಂಡಿ ಅಂತ ಪಟ್ಟಿ ಮಾಡಿದ್ದೀಯಲ್ಲ, ಇರಲಿ ಬಿಡು. ಆದರೆ ಆ ಅಪ್ಪ ಯಾರಿಗೂ ಹೇಳದೆ ಏನನ್ನು ಮುಚ್ಚಿಟ್ಟಿದ್ದಾನೆ, ಅದು ಪಟ್ಟಿಯಲ್ಲಿ ಕಾಣಲಿಲ್ಲ. ಬರೆಯುವಾಗ ಚಾರ್ಟನ್ನು ಪಕ್ಕಕ್ಕಿಡು. ದಾರಿ ತಪ್ಪಿತು ಅನ್ನಿಸಿದಾಗ ನೋಡಿದರೆ ಸಾಕು.

ಇನ್ನೊಂದು. ಕೌರವನ ಕೈಯಿಂದ ಐದು ಊರು ಕೊಡಿಸುವ ಹಕ್ಕು ನಮಗಿಲ್ಲ, ಪದ್ಯ ಬಿಡುವುದಿಲ್ಲ. ನಿನಗೆ ಆ ಕಟ್ಟು ಇಲ್ಲವಲ್ಲ. ಕೊನೆಗೆ ಬಂದಾಗ ಆ ಹುಡುಗಿ ಸಹಿ ಹಾಕಲು ಒಪ್ಪದಿದ್ದರೆ, ಚಾರ್ಟನ್ನು ಹರಿದು ಹಾಕು.

ಮತ್ತೆ ಚಾರ್ಟ್ ಕಳಿಸಬೇಡ. 7ನೇ ಭಾಗದ ಜಗಳ ಬರೆದು ಕಳಿಸು, ಹೇಗಿದ್ದರೂ ಸರಿ. ಆ ಅಪ್ಪ ಎಲ್ಲಿ ಹೋಗಿ ಕೂತ ಅಂತ ನನಗೆ ತಿಳಿಯಬೇಕು.

ನಿನ್ನ
ದೊಡ್ಡಪ್ಪ