ಬಲಕ್ಕೆ ತಿರುಗುವಾಗ ಅವಸರ ಬೇಡ

ದಾವಣಗೆರೆ

ಪ್ರೀತಿಯ ಸಿಂಚನಾಗೆ,

ನಿನ್ನ ಮಾವನ ಆಶೀರ್ವಾದಗಳು. ಲೈಸೆನ್ಸ್ ಕೈಗೆ ಬಂತಂತೆ, ಸೋಮವಾರದಿಂದ ಕಾರಲ್ಲೇ ಕೆಲಸಕ್ಕೆ ಹೋಗುತ್ತೀಯಂತೆ. ನಿಮ್ಮಮ್ಮ ಫೋನ್ ಮಾಡಿದ್ದಳು. ತುಂಬಾ ಸಂತೋಷ ಆಯಿತು. ನೇರ ರಸ್ತೆಯಲ್ಲಿ ನಿನ್ನ ಬಗ್ಗೆ ನನಗೆ ಚಿಂತೆ ಇಲ್ಲ. ತಿರುವುಗಳ ಬಗ್ಗೆ ಮಾತ್ರ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ಎಡಕ್ಕೆ ತಿರುಗುವಾಗ ಎದುರಿನ ಗಾಡಿ ಅಡ್ಡ ಬರುವುದಿಲ್ಲ, ನಿಜ. ಆದರೆ ನಮ್ಮೂರಲ್ಲಿ ಕಾರಿಗೂ ರಸ್ತೆ ಅಂಚಿಗೂ ನಡುವೆ ಸ್ವಲ್ಪ ಸಂದಿ ಸಿಕ್ಕರೂ ಬೈಕ್ ನುಗ್ಗುತ್ತದೆ. ಅದಕ್ಕೇ ಇಂಡಿಕೇಟರ್ ಹಾಕಿ, ಮುಂಚೆಯೇ ಎಡಕ್ಕೆ ಸರಿದುಬಿಡು. ಕನ್ನಡಿಗೆ ಕಾಣದ ಜಾಗ ಒಂದಿರುತ್ತದೆ, ಕುತ್ತಿಗೆ ತಿರುಗಿಸಿಯೂ ನೋಡು. ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಬರುತ್ತದೆ. ಮೂಲೆಯಲ್ಲಿ ನಿಂತವರ ಕಾಲು ಜೋಪಾನ.

ನನಗೆ ಜಾಸ್ತಿ ಹೇಳಬೇಕಿರುವುದು ಬಲ ತಿರುವಿನ ಬಗ್ಗೆ. ನಾವು ಎಡಗಡೆ ಓಡಿಸುವವರು, ಬಲಕ್ಕೆ ಹೋಗಬೇಕಾದರೆ ಎದುರಿನವರ ದಾರಿ ದಾಟಲೇಬೇಕು. ಹಳೇ ಪಿ.ಬಿ. ರಸ್ತೆಯಲ್ಲಿ ಎಡ ಅಂಚಲ್ಲೇ ಬಂದು, ಒಮ್ಮೆಲೇ ಬಲಕ್ಕೆ ಕಟ್ ಹೊಡೆಯುವವರನ್ನು ನೀನೂ ನೋಡಿದ್ದೀಯ ಅಲ್ವಾ? ಹಾಗೆ ಮಾಡಬೇಡ. ಹಿಂದೆ ನೋಡಿಕೊಂಡು, ಇಂಡಿಕೇಟರ್ ಹಾಕಿ, ಮೊದಲೇ ರಸ್ತೆ ಮಧ್ಯದ ಕಡೆ ಬಾ. ನೇರ ಬರುವವರು ಮೊದಲು ಹೋಗಲಿ. ಎದುರಿನವನು ಡಿಪ್ಪರ್ ಹೊಡೆದರೆ, ಅಂದರೆ ಹೆಡ್‌ಲೈಟ್ ಮಿನುಗಿಸಿದರೆ, ನಮ್ಮ ಕಡೆ ಅದು ‘ನೀನು ಹೋಗು’ ಅಂತಲ್ಲ, ‘ನಾನು ಬರ್ತಿದ್ದೀನಿ, ನಿಲ್ಲು’ ಅಂತ.

ಕಾಯುವಾಗ ಸ್ಟೇರಿಂಗ್ ನೇರವಾಗಿಯೇ ಇರಲಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಚಕ್ರ ಬಲಕ್ಕೆ ತಿರುಗಿಸಿ ನಿಂತಾಗ ಹಿಂದಿನಿಂದ ಯಾರಾದರೂ ಗುದ್ದಿದರೆ, ಕಾರು ಎದುರು ಬರುವ ಬಸ್ಸಿನ ದಾರಿಗೇ ಹೋಗಿಬಿಡುತ್ತದೆ. ಚಕ್ರ ನೇರವಾಗಿದ್ದರೆ ಮುಂದಕ್ಕೆ ಜರುಗುತ್ತದೆ ಅಷ್ಟೇ.

ತಿರುಗುವಾಗ ಮೂಲೆ ಒಳಗಿಂದ ಹೋಗಬೇಡ. ಎರಡೂ ರಸ್ತೆಗಳ ಮಧ್ಯದ ತನಕ ಹೋಗಿ, ಆಮೇಲೆ ತಿರುಗಿಸಿ, ಹೊಸ ರಸ್ತೆಯ ಎಡಭಾಗ ಸೇರಿಕೋ. ಗೋಲ ಸರ್ಕಲ್ ಇದ್ದರೆ ಅದನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿಯೇ ಹೋಗಬೇಕು. ಮುಂದಿನ ಗಾಜಿನ ಪಕ್ಕದ ಕಂಬದ ಮರೆಗೆ ಒಬ್ಬ ಮನುಷ್ಯ ಪೂರ್ತಿ ಅಡಗುತ್ತಾನೆ, ಸ್ವಲ್ಪ ಮುಂದಕ್ಕೆ ಬಗ್ಗಿ ನೋಡು. ಹಿಂದಿನವನು ಹಾರ್ನ್ ಹೊಡೆಯಲಿ ಬಿಡು. ನಿನ್ನ ಮುಂದೆ ಏನಿದೆ ಅಂತ ಅವನಿಗೆ ಕಾಣುವುದಿಲ್ಲ.

ಸುಗ್ಗಿಯಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರ್‌ಗಳು ಎಪಿಎಂಸಿ ಕಡೆ ಬರುತ್ತಿರುತ್ತವೆ. ಟ್ರೇಲರ್ ಇದ್ದವನು ಎಡಕ್ಕೆ ತಿರುಗಬೇಕಾದರೂ ಮೊದಲು ಬಲಕ್ಕೆ ಅಗಲ ತಗೊಳ್ಳುತ್ತಾನೆ. ದಾರಿ ಬಿಟ್ಟ ಅಂತ ಎಡಕ್ಕೆ ನುಗ್ಗಬೇಡ. ಚಿತ್ರದುರ್ಗದ ಕಡೆ ಹೋದರೆ, ಹೈವೇಯಲ್ಲಿ ಡಿವೈಡರ್ ಸಂದಿಯಲ್ಲಿ ಗಾಡಿ ತಿರುಗಿಸಲೇಬೇಡ. ಒಂದೆರಡು ಕಿಲೋಮೀಟರ್ ಜಾಸ್ತಿಯಾದರೂ ಅಂಡರ್‌ಪಾಸ್ ತನಕ ಹೋಗಿ ಬಾ.

ಭಾನುವಾರ ಬೆಳಿಗ್ಗೆ ಆರಕ್ಕೆ ಗಾಡಿ ತಗೊಂಡು ಮನೆಗೆ ಬಾ. ಅಷ್ಟು ಹೊತ್ತಿಗೆ ಜನ ಕಡಿಮೆ. ಜಯದೇವ ಸರ್ಕಲ್ ಕಡೆ ಹೋಗಿ ಬಲ ತಿರುವು ಮಾಡಿ ನೋಡೋಣ. ನಾನು ಪಕ್ಕದಲ್ಲಿ ಕೂರುತ್ತೇನೆ.

ಇಂತಿ,
ನಿನ್ನ ಸೋದರಮಾವ