ಬೀರುವಿನಲ್ಲಿಟ್ಟ ಹಾಳೆ ಯಾಕೆ ಮುರಿಯಿತು

ಕೋಬೆ, ಜಪಾನ್
ಜುಲೈ 5

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಇನ್ನೂ ಜಡಿಮಳೆ ಬಿಟ್ಟಿಲ್ಲ. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಅಮ್ಮ, ನೀನು ಕಟ್ಟಿಕೊಟ್ಟ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಚಿಂತೆ ಮಾಡಬೇಡ.

ಅಪ್ಪ, ಭಾನುವಾರ ಫೋನಿನಲ್ಲಿ ನೀವು ಕೇಳಿದ್ದು ತಲೆಯಲ್ಲೇ ಉಳಿದಿದೆ. ದೀಪಾವಳಿಗೆ ಬಂದಾಗ ನಾನು ಕೊಟ್ಟಿದ್ದ, ಇಲ್ಲಿ ಲ್ಯಾಬಿನಲ್ಲಿ ಮಾಡಿದ ಪ್ಲಾಸ್ಟಿಕ್ ಹಾಳೆಯ ತುಂಡು ಆಗ ಚೆನ್ನಾಗಿ ಬಾಗುತ್ತಿತ್ತು. ಪಹಣಿ ಕಾಗದಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದಿರಿ. ಮೊನ್ನೆ ತೆಗೆದು ಮಡಿಸಿದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯಿತು. "ಬಿಸಿಲಿಲ್ಲ, ನೀರಿಲ್ಲ, ಸುಮ್ನೆ ಇಟ್ಟಿದ್ದು ಹಾಳಾಗುತ್ತೇನಮ್ಮ?" ಅಂದಿರಿ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಕಾಗದ.

ಅದು ಹಾಳಾಗಿಲ್ಲ ಅಪ್ಪ. ಇಷ್ಟು ದಿನವೂ ಬೀರುವಿನೊಳಗೆ ಹರಳುಗಟ್ಟುತ್ತಾ ಇತ್ತು.

ಅಮ್ಮನಿಗೆ ಇದು ಗೊತ್ತು. ಕಾಯಿಸಿದ ತುಪ್ಪವನ್ನು ಮೂಲೆಯಲ್ಲಿ ನಿಧಾನವಾಗಿ ಆರಲು ಬಿಟ್ಟರೆ ಹರಳು ಹರಳಾಗುತ್ತದೆ. ತಕ್ಷಣ ಫ್ರಿಜ್ಜಿನಲ್ಲಿಟ್ಟರೆ ನುಣ್ಣಗೆ ಗಟ್ಟಿಯಾಗುತ್ತದೆ. ತುಪ್ಪ ಅದೇ, ಆರಿದ ಬಗೆ ಬೇರೆ. ಪ್ಲಾಸ್ಟಿಕ್ಕಿನ ಒಳಗೆ ಇರುವುದು ಉದ್ದುದ್ದ ಎಳೆಗಳು. ಆರುವಾಗ ಸ್ವಲ್ಪ ಭಾಗ ಸೀರೆ ಮಡಿಸಿಟ್ಟ ಹಾಗೆ ಒಪ್ಪವಾಗಿ ಮಡಚಿಕೊಳ್ಳುತ್ತದೆ, ಅದೇ ಹರಳು. ಉಳಿದದ್ದು ಸಿಕ್ಕುಸಿಕ್ಕಾಗಿ ಇರುತ್ತದೆ. ಹಾಳೆ ಬಾಗುವುದು ಆ ಸಿಕ್ಕಿನ ಭಾಗದಿಂದ.

ನಿಮಗೆ ಕೊಟ್ಟಿದ್ದು ಪಿಎಚ್‌ಬಿ ಅನ್ನುವ, ಬ್ಯಾಕ್ಟೀರಿಯಾ ಮಾಡುವ ಪ್ಲಾಸ್ಟಿಕ್. ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆ ಜಾಸ್ತಿ ಸಿಕ್ಕು ಸಾರಜನಕ ಕಡಿಮೆಯಾದರೆ ಅದನ್ನು ಕೊಬ್ಬಿನಂತೆ ಮೈಯೊಳಗೆ ಕೂಡಿಡುತ್ತವೆ. ಫ್ರಾನ್ಸಿನ ಮೋರಿಸ್ ಲೆಮ್ವಾನ್ 1926ರಲ್ಲೇ ಇದನ್ನು ತೋರಿಸಿದ್ದರು. ಮಣ್ಣಿನ ಜೀವಿಗಳಿಗೆ ಇದು ಆಹಾರ, ಅದಕ್ಕೇ ಇದರಿಂದ ಹೊಲಕ್ಕೆ ಹಾಸುವ ಹಾಳೆ ಮಾಡಬೇಕು ಅಂತ ನನ್ನ ಆಸೆ. ಪ್ರತಿ ಸಲ ಟೊಮೆಟೊ ಗಿಡ ಕಿತ್ತ ಮೇಲೆ ರೋಟವೇಟರಿಗೆ ಸುತ್ತಿಕೊಳ್ಳುವ ಮಲ್ಚಿಂಗ್ ಪೇಪರಿನ, ಅಂದರೆ ಸಾಲಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ, ಚಿಂದಿ ನೆನಪಿದೆ ಅಲ್ವಾ? ಅದನ್ನು ನೀವು ಕೂತು ಬಿಡಿಸುತ್ತಿದ್ದದ್ದು ನನ್ನ ಕಣ್ಣಿನಿಂದ ಹೋಗಿಲ್ಲ.

ಆದರೆ ಇದರ ಸಿಕ್ಕಿನ ಎಳೆಗಳು ಅಲುಗಾಡದೆ ನಿಲ್ಲಬೇಕಾದರೆ ಸುಮಾರು 4 ಡಿಗ್ರಿಗಿಂತ ಕೆಳಗೆ ಹೋಗಬೇಕು. ಕೋಲಾರದ ಬೀರುವಿನಲ್ಲಿ ಅಷ್ಟು ಚಳಿ ಎಲ್ಲಿ? ಎಳೆಗಳು ದಿನಾ ಒಂಚೂರು ಸರಿದು ಹೋಗಿ ಹರಳಿಗೆ ಸೇರಿಕೊಳ್ಳುತ್ತವೆ. ಸಿಕ್ಕು ಕಡಿಮೆಯಾದ ಹಾಗೆ ಹಾಳೆ ಪೆಡಸಾಗುತ್ತದೆ.

ಹಾಗಾಗಿ ಇನ್ನೊಂದನ್ನು ಬೆರೆಸಿ ನೋಡುತ್ತಿದ್ದೇನೆ. ಅದು ಪಿಎಲ್‌ಎಲ್‌ಎ, ಮೊಸರಿನಲ್ಲಿರುವಂಥ ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ್ದು. ಅದರ ಸಿಕ್ಕು 60 ಡಿಗ್ರಿಯವರೆಗೂ ಕದಲುವುದಿಲ್ಲ. ಅದೂ ಮೆದುವೇನಲ್ಲ, ನಿಮ್ಮ ಹೊಲಕ್ಕೆ ಹಾಸುವ ಹಾಳೆಗೆ ಅದೊಂದೇ ಸಾಲದು. ನಾನು ಅದನ್ನು ಆರಿಸಿದ್ದಕ್ಕೆ ಕಾರಣ ಬೇರೆ. ಬೆರೆಸಿದ ಮೇಲೂ ಎರಡರ ಗುರುತು ಬೇರೆ ಬೇರೆಯಾಗಿ ಸಿಗುತ್ತದೆ.

ಗುರುತು ಹಿಡಿಯುವುದು ಇನ್ಫ್ರಾರೆಡ್ ಬೆಳಕಿನಿಂದ. ಕೆಂಡದ ಮುಂದೆ ಕೈ ಹಿಡಿದರೆ ಬಿಸಿ ತಾಗುತ್ತದಲ್ಲ, ಆ ಜಾತಿಯ ಬೆಳಕು. ಹಾಳೆಯ ಮೂಲಕ ಅದನ್ನು ಹಾಯಿಸಿದರೆ ಪರಮಾಣುಗಳ ಒಂದೊಂದು ಜೋಡಿಯೂ ತನ್ನ ಕುಣಿತಕ್ಕೆ ಹೊಂದುವ ಅಲೆಯನ್ನು ಹೀರುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಅನ್ನುವುದೇ ಅದರ ಅಂಕಿ. ಯಾವ ಅಲೆ ಎಷ್ಟು ಹೀರಲ್ಪಟ್ಟಿತು ಅನ್ನುವುದು ಪರದೆಯ ಮೇಲೆ ಒಂದು ಗೆರೆಯಾಗಿ ಬರುತ್ತದೆ, ಹೀರಿದ ಜಾಗದಲ್ಲಿ ಗುಡ್ಡ ಏಳುತ್ತದೆ. ಪಿಎಚ್‌ಬಿಯ ಇಂಗಾಲ-ಆಮ್ಲಜನಕದ ಜೋಡಿ ಸಿಕ್ಕಿನಲ್ಲಿದ್ದಾಗ 1740ರ ಹತ್ತಿರ ಹೀರುತ್ತದೆ. ಹರಳಿಗೆ ಸೇರಿದ ಕೂಡಲೇ 1723ಕ್ಕೆ ಇಳಿಯುತ್ತದೆ. ಯಾಕೆಂದರೆ ಮಡಚಿಕೊಂಡಾಗ ಆ ಆಮ್ಲಜನಕಕ್ಕೆ ಹತ್ತಿರದ ಒಂದು ಜಲಜನಕ ತೀರಾ ಸಮೀಪ ಬಂದು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಪಿಎಲ್‌ಎಲ್‌ಎಯ ಜೋಡಿ ಇವೆರಡರಿಂದಲೂ ದೂರ, 1759ರ ಆಸುಪಾಸಿನಲ್ಲಿ. ಅದೂ ಹರಳಾದರೆ 921ರಲ್ಲಿ ಹೊಸ ಗುಡ್ಡ ಏಳುತ್ತದೆ.

ಎರಡನ್ನೂ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಗಾಜಿನಂಥ ಪುಟ್ಟ ಬಿಲ್ಲೆಯ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತೇನೆ. ಆಮೇಲೆ 190 ಡಿಗ್ರಿಗೆ ಕಾಯಿಸಬೇಕು. ಅಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಪಿಎಚ್‌ಬಿಯ ಎಳೆಗಳು ತುಂಡಾಗುತ್ತವೆ. ಕರಗಿತು ಅನ್ನುವಷ್ಟರಲ್ಲಿ 120ಕ್ಕೆ ಇಳಿಸಿ ನಿಮಿಷಕ್ಕೊಂದು ಗೆರೆ ತೆಗೆಯುತ್ತೇನೆ.

ಜೂನ್ ಪೂರ್ತಿ ಈ ಮಳೆ ಕಾಡಿತು. ಗಾಳಿಯ ತೇವವೂ ಅದೇ ಜಾಗದಲ್ಲಿ ಬೆಳಕು ಹೀರುತ್ತದೆ. ಒಣ ಸಾರಜನಕ ತುಂಬಿದ ಪೆಟ್ಟಿಗೆಯ ಮುಚ್ಚಳವನ್ನು ಆತುರಕ್ಕೆ ಪದೇ ಪದೇ ತೆಗೆದೆ. ನುಣ್ಣಗೆ ಬರಬೇಕಾದ ಗೆರೆ ಗರಗಸದ ಹಲ್ಲಿನ ಹಾಗೆ ಬಂತು. ಮೂರು ವಾರದ ಕೆಲಸ ಹೋಯಿತು, ಆ ರಾತ್ರಿ ಊಟ ಸೇರಲಿಲ್ಲ. ಈಗ ಮುಚ್ಚಿದ ಮೇಲೆ ಒಂದು ಗಂಟೆ ಕಾದು ಶುರು ಮಾಡುತ್ತೇನೆ.

ಕಳೆದ ಬುಧವಾರ ಗೆರೆ ಸ್ವಚ್ಛವಾಗಿ ಬಂತು. ಬರೀ ಪಿಎಚ್‌ಬಿಯಲ್ಲಿ 1740 ತಗ್ಗಿ 1723 ಎದ್ದು ನಿಲ್ಲಲು ಕೆಲವೇ ನಿಮಿಷ ಸಾಕಾಗಿತ್ತು. ಗಿಡ್ಡ ಎಳೆಯ ಪಿಎಲ್‌ಎಲ್‌ಎ ಬೆರೆಸಿದ್ದರಲ್ಲಿ ಅದೇ ಕೆಲಸ ತುಂಬಾ ನಿಧಾನವಾಯಿತು. ಪರದೆಯ ಮುಂದೆ ಕೂತು ಒಂದೊಂದೇ ಗೆರೆ ಏಳುವುದನ್ನು ನೋಡಿದೆ ಅಪ್ಪ. ಉದ್ದ ಎಳೆಯದ್ದಾದರೆ ಎಣ್ಣೆ-ನೀರಿನ ಹಾಗೆ ಬೇರೆ ಬೇರೆಯೇ ಉಳಿಯುತ್ತವೆ. ಗಿಡ್ಡ ಎಳೆಯಾದರೆ ಪಿಎಚ್‌ಬಿಯ ನಡುವೆ ನುಗ್ಗಿ ಅದರ ಓಡಾಟಕ್ಕೆ ತಡೆಯಾಗುತ್ತದೆ. ಬಿಸಿಯಲ್ಲಿ ನಿಧಾನವಾಗಿದ್ದು ಬೀರುವಿನಲ್ಲೂ ನಿಧಾನವಾಗುತ್ತದೋ ಅನ್ನುವುದನ್ನು ಈಗ ನೋಡಬೇಕು. ಬೆರೆಸಿದ ಹಾಳೆಯ ಪಟ್ಟಿಗಳನ್ನು ತಾರೀಖು ಬರೆದು ಡ್ರಾಯರಿನಲ್ಲಿಟ್ಟಿದ್ದೇನೆ. ಪ್ರತಿ ಶನಿವಾರ ಒಂದನ್ನು ತೆಗೆದು ಅಳೆಯುತ್ತೇನೆ.

ಒಂದು ಕೆಲಸ ಮಾಡಿ ಅಪ್ಪ. ಮುರಿದ ತುಂಡುಗಳನ್ನು ಬಿಸಾಡಬೇಡಿ. ಪೋಸ್ಟ್ ಕವರಿನಲ್ಲಿ ಹಾಕಿ, ಮುರಿದ ದಿನದ ತಾರೀಖು ಬರೆದು, ಅದೇ ಬೀರುವಿನಲ್ಲಿಡಿ. ಹಾಳೆ ಮಾಡಿದ ದಿನ ತೆಗೆದ ಗೆರೆ ನನ್ನ ಹತ್ತಿರ ಇದೆ. ನಮ್ಮೂರಿನ ಬಿಸಿಯಲ್ಲಿ ಎಂಟು ತಿಂಗಳು ಕಳೆದ ತುಂಡು ಇಲ್ಲಿ ಯಾರ ಬಳಿಯೂ ಇಲ್ಲ. ಬಂದಾಗ ತೆಗೆದುಕೊಂಡು ಹೋಗುತ್ತೇನೆ.

ಅಮ್ಮ, ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಮಗಳು